ಸೋಮನೂರಿನಿಂದ ಲಂಕೆಗೆ ಕಾರಿನಲ್ಲಿ: ಒಂದು ಯೋಜನೆಯ ಕಥೆ

ಕೊಯಮತ್ತೂರಿನಿಂದ ಈರೋಡಿನ ಕಡೆಗೆ ಹೊರಟ ವೇಗದ ರೈಲಿನಲ್ಲಿ ಕುಳಿತವರಿಗೆ ಸೋಮನೂರು ಬಂದುಹೋದದ್ದು ತಿಳಿಯುವುದೇ ಇಲ್ಲ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಒಂದನ್ನೊಂದು ಮುಟ್ಟುವ ಎಡೆಯಲ್ಲಿ, ನೊಯ್ಯಲ್ ನದಿಯಿಂದ ತುಸು ದೂರದಲ್ಲಿರುವ ಈ ಊರು ವಿದ್ಯುತ್ ಮಗ್ಗಗಳ ಊರು. ನೂಲನ್ನು ಬೇರೆಯವರು ಕೊಡುತ್ತಾರೆ, ಬಟ್ಟೆಯನ್ನು ಬೇರೆಯವರು ಒಯ್ಯುತ್ತಾರೆ, ನಡುವಿನ ಸದ್ದು ಮಾತ್ರ ನಮ್ಮದು. ದೇವಾಂಗ ಮನೆತನಗಳಲ್ಲಿ ಒಳಗೆ ಕನ್ನಡ, ಹೊರಗೆ ತಮಿಳು. ತಾಳವಾಡಿ, ಹೊಸೂರು, ಕಾಸರಗೋಡುಗಳ ಓದುಗರು ನಮ್ಮ ಮನೆಮಾತನ್ನು ಕೇಳಿದರೆ ಅರ್ಧಕ್ಕೆ ನಕ್ಕು, ಉಳಿದರ್ಧಕ್ಕೆ ಅರ್ಥ ಕೇಳಿಯಾರು. ಆದರೂ ಅದು ಕನ್ನಡವೇ. ನನ್ನ ಅಕ್ಷರಾಭ್ಯಾಸ ತಾಳವಾಡಿಯಲ್ಲಿ ಸೋದರಮಾವನ ಮನೆಯಲ್ಲಿ ಆದುದರಿಂದ ಈ ವಾರಪತ್ರಿಕೆಯನ್ನು ಓದುವ ಮತ್ತು ಇದಕ್ಕೆ ಬರೆಯುವ ಭಾಗ್ಯ ಉಳಿಯಿತು. ಈಗ ನನ್ನ ಮಗಳೂ ಅದೇ ಮನೆಯಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ.

ಈ ಪ್ರವಾಸದ ಪ್ರಸ್ತಾಪವನ್ನು ಎತ್ತಿದವಳು ಅವಳು. 2025ರ ಬೇಸಿಗೆ ರಜೆಯಲ್ಲಿ ಊರಿಗೆ ಬಂದವಳು ತನ್ನ ಭೂಪಟದ ಪುಸ್ತಕವನ್ನು ಜಗುಲಿಯಲ್ಲಿ ಹರಡಿಕೊಂಡು, ಅಳತೆಪಟ್ಟಿಯನ್ನಿಟ್ಟು, ಸೋಮನೂರಿನಿಂದ ನೇಪಾಳದ ಗಡಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚೆಂದೂ, ಶ್ರೀಲಂಕೆಯ ತುದಿಗೆ ನಾನೂರರ ಆಸುಪಾಸೆಂದೂ ಲೆಕ್ಕ ಹಾಕಿದಳು. ಪರದೇಶಕ್ಕೆ ಕಾರಿನಲ್ಲಿ ಹೋಗುವುದಾದರೆ ಹತ್ತಿರದ ದೇಶಕ್ಕೆ ಹೋಗಬಾರದೇಕೆ ಎಂಬುದು ಅವಳ ವಾದ. ಎದುರು ಪಕ್ಷದ ವಕೀಲನಾಗಿ ನಾನು "ನಡುವೆ ಸಮುದ್ರವಿದೆ" ಎಂದೆ. "ಮೂವತ್ತು ಕಿಲೋಮೀಟರೂ ಇಲ್ಲ" ಎಂದು ಅವಳು ಧನುಷ್ಕೋಟಿಗೂ ತಲೈಮನ್ನಾರಿಗೂ ನಡುವಿನ ನೀಲಿಯ ಮೇಲೆ ಬೆರಳಿಟ್ಟಳು.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಜಗುಲಿಯ ಇನ್ನೊಂದು ತುದಿಯಲ್ಲಿ ನಮ್ಮ ಸಿಲೋನ್ ತಾತ ಕುಳಿತಿದ್ದರು.

ಅವರ ನಿಜನಾಮವನ್ನು ಇಲ್ಲಿ ಬರೆಯುವುದಿಲ್ಲ. ಬೀದಿಯ ಮಕ್ಕಳೆಲ್ಲ ಅವರನ್ನು ಹಾಗೆಯೇ ಕರೆಯುತ್ತಾರೆ. ವಯಸ್ಸು 61. ಹುಟ್ಟಿದ್ದು ಲಂಕೆಯ ಬೆಟ್ಟದ ಸೀಮೆಯ ಹ್ಯಾಟನ್ ಪಟ್ಟಣದ ಬಳಿಯ ಚಹಾ ತೋಟವೊಂದರಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ, 1975ರಲ್ಲಿ, ತಂದೆತಾಯಿಯರೊಡನೆ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದಿಳಿದರು. ಮೊದಲು ನೂಲಿನ ಗಿರಣಿಯೊಂದರಲ್ಲಿ ಕೆಲಸ. ಆ ಗಿರಣಿ ಮುಚ್ಚಿದ ಮೇಲೆ ನನ್ನ ತಂದೆಯವರ ಎಂಟು ಮಗ್ಗಗಳ ಕೊಟ್ಟಿಗೆಗೆ ಬಂದು, ಇಪ್ಪತ್ತೈದು ವರ್ಷ ಅಲ್ಲಿಯೇ ದುಡಿದರು. ಮನೆಮಾತು ತಮಿಳಾದರೂ ಮಗ್ಗದ ಗದ್ದಲದ ನಡುವೆ ನಮ್ಮ ತಂದೆಯೊಡನೆ ಕೂಗಿ ಕೂಗಿ ಮಾತಾಡಿ ಕಲಿತ ಸೋಮನೂರಿನ ಕನ್ನಡವನ್ನು ಈಗಲೂ ಕೂಗಿಯೇ ಆಡುತ್ತಾರೆ. ಭೂಪಟದತ್ತ ನೋಡಿ ಅವರು ಕೇಳಿದ್ದು ಒಂದೇ ಮಾತು: "ಕಾರಿನಲ್ಲಿ ಒಂದು ಜಾಗ ಉಂಟೇ?"

ಅಲ್ಲಿಂದ ಮುಂದಕ್ಕೆ ಅದು ರಜೆಯ ಹರಟೆಯಾಗಿ ಉಳಿಯಲಿಲ್ಲ.

ಈ ಕಥೆಯ ಹಿನ್ನೆಲೆಯನ್ನು ಕಿರಿಯ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆಯವರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದರೂ ಯಾವ ದೇಶದ ಪೌರತ್ವವೂ ಇಲ್ಲದೆ ಉಳಿದಿದ್ದ ಭಾರತೀಯ ಮೂಲದವರ ಸಂಖ್ಯೆಯನ್ನು ಸುಮಾರು 9,75,000 ಎಂದು ಎಣಿಸಿ, 5,25,000 ಮಂದಿಯನ್ನು ಭಾರತ ಸ್ವೀಕರಿಸುವುದು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದು, ಉಳಿದ 1,50,000 ಮಂದಿಯ ವಿಚಾರವನ್ನು ಮುಂದಕ್ಕೆ ನೋಡುವುದು ಎಂದು ಗೊತ್ತುಮಾಡಲಾಯಿತು. ಆ ಉಳಿದವರನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಎರಡು ದೇಶಗಳೂ ಸಮನಾಗಿ ಹಂಚಿಕೊಂಡವು. ನ್ಯಾಯಾಲಯದಲ್ಲಿ ಆಸ್ತಿ ಪಾಲು ಮಾಡುವ ಅರ್ಜಿಗಳನ್ನು ದಿನವೂ ನೋಡುವ ನನಗೂ ಮನುಷ್ಯರನ್ನು ಹೀಗೆ ಪಾಲು ಮಾಡಿದ ಕಾಗದವನ್ನು ಮೊದಲ ಬಾರಿ ಓದಿದಾಗ ಕೈ ತಡೆದಿತ್ತು. ಹೀಗೆ ಬಂದವರಲ್ಲಿ ಅನೇಕರು ನೀಲಗಿರಿಯ ಸರ್ಕಾರಿ ಚಹಾ ತೋಟಗಳಿಗೆ ಹೋದರು, ಕೆಲವರು ನೂಲಿನ ಗಿರಣಿಗಳಿಗೆ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೂ ಒಂದಷ್ಟು ಕುಟುಂಬಗಳು ಹೋದವು. ಕಾಸರಗೋಡಿನ ಓದುಗರು ಅವರನ್ನು ಬಲ್ಲರು. ಅಲ್ಲಿನ ಮಕ್ಕಳಲ್ಲಿ ಹಲವರು ಕನ್ನಡ ಮಾಧ್ಯಮ ಶಾಲೆಗಳಲ್ಲಿಯೇ ಕಲಿತವರು.

ಈಗ ದಾರಿಯ ವಿಚಾರ.

ನಮ್ಮ ಹಿರಿಯರ ಕಾಲದಲ್ಲಿ ಲಂಕೆಗೆ ಹೋಗುವುದು ಇಂದಿಗಿಂತ ಸುಲಭವಾಗಿತ್ತು ಎಂಬುದು ಈ ಯೋಜನೆಯಲ್ಲಿ ನಾನು ಕಂಡುಕೊಂಡ ಮೊದಲನೆಯ ಸಂಗತಿ. 1914ರ ಫೆಬ್ರವರಿಯಲ್ಲಿ ಪಾಂಬನ್ ರೈಲು ಸೇತುವೆ ತೆರೆಯಿತು. ಅದರ ಹಿಂದೆಯೇ ಧನುಷ್ಕೋಟಿಯಿಂದ ತಲೈಮನ್ನಾರಿಗೆ ಉಗಿಹಡಗಿನ ಸೇವೆ ಆರಂಭವಾಯಿತು. ಮದರಾಸಿನ ಎಗ್ಮೋರಿನಲ್ಲಿ ರೈಲು ಹತ್ತಿದವನು ಧನುಷ್ಕೋಟಿಯ ಕಟ್ಟೆಯಲ್ಲಿ ಇಳಿದು, ಹಡಗು ಹತ್ತಿ, ಆಚೆಯ ದಡದಲ್ಲಿ ಕೊಲಂಬೊ ರೈಲಿಗೆ ಏರುತ್ತಿದ್ದನು, ಟಿಕೆಟ್ಟು ಒಂದೇ. ಇದನ್ನೇ ಜನ ಬೋಟ್ ಮೇಲ್ ಎಂದು ಕರೆದರು. ಇರ್ವಿನ್, ಗೋಶೆನ್ ಎಂಬ ಹಡಗುಗಳು ಆ ಕಡಲಲ್ಲಿ ಓಡಾಡಿದವು.

1964ರ ಡಿಸೆಂಬರ್ 22 ಮತ್ತು 23ರ ನಡುವಿನ ರಾತ್ರಿ ಚಂಡಮಾರುತ ಬಂದು ಧನುಷ್ಕೋಟಿಯನ್ನೂ ಅದರ ಹಡಗುಕಟ್ಟೆಯನ್ನೂ ಅಳಿಸಿತು. ಪಾಂಬನ್ನಿನಿಂದ ಹೊರಟಿದ್ದ ಪ್ರಯಾಣಿಕರ ರೈಲೊಂದು ನೀರಿನ ಪಾಲಾಯಿತು. ಮೇಲೆ ಹೇಳಿದ ಒಪ್ಪಂದಕ್ಕೆ ಸಹಿ ಬಿದ್ದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಐದು ಲಕ್ಷ ಜನ ಬಂದು ಇಳಿಯಬೇಕಾಗಿದ್ದ ಕಟ್ಟೆಯೇ ಇಲ್ಲವಾಯಿತು. ಆದ್ದರಿಂದ ಅವರೆಲ್ಲ ರಾಮೇಶ್ವರದಲ್ಲಿ ಇಳಿದರು. ನಮ್ಮ ತಾತ ಬಂದ ಹಡಗಿನ ಹೆಸರು ರಾಮಾನುಜಂ. ಅವರಿಗೆ ಅದರ ಬಗ್ಗೆ ನೆನಪಿರುವುದು ಎರಡೇ: ತಾಯಿ ಮಡಿಲಲ್ಲಿ ಅರೆಯುವ ಕಲ್ಲನ್ನು ಇಟ್ಟುಕೊಂಡು ಕುಳಿತದ್ದು, ಮತ್ತು ಹಡಗಿನಲ್ಲಿ ಯಾರೂ ಮಾತಾಡದೆ ಇದ್ದದ್ದು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಲಂಕೆಯ ಒಳಯುದ್ಧ ಹೊತ್ತಿಕೊಂಡಾಗ ಆ ಹಡಗೂ ನಿಂತಿತು.

ಇಂದು ಕಾರಿನಲ್ಲಿ ಹೊರಟರೆ ಪಲ್ಲಡಂ, ಧಾರಾಪುರಂ, ಒಡ್ಡನ್‌ಛತ್ರಂ, ದಿಂಡಿಗಲ್, ಮಧುರೆ, ಪರಮಕುಡಿ, ರಾಮನಾಥಪುರಂ ದಾಟಿ ಮಂಡಪಂಗೆ ಒಂದೇ ಹಗಲಿನಲ್ಲಿ ತಲುಪಬಹುದು. 1988ರಲ್ಲಿ ತೆರೆದ ರಸ್ತೆ ಸೇತುವೆಯ ಮೇಲೆ ಪಾಂಬನ್ ಜಲಸಂಧಿಯನ್ನು ದಾಟುವಾಗ ಪಕ್ಕದಲ್ಲಿ 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ, ಹಡಗಿಗಾಗಿ ನಡುವಿನ ತುಂಡು ನೆಟ್ಟಗೆ ಮೇಲೇಳುವ ಹೊಸ ರೈಲು ಸೇತುವೆ ಕಾಣುತ್ತದೆ. ಮುಂದೆ ರಾಮೇಶ್ವರ, ಅಲ್ಲಿಂದ ಎರಡೂ ಕಡೆ ಸಮುದ್ರವಿರುವ ಮರಳ ನಾಲಿಗೆಯ ಮೇಲೆ ಅರಿಚಲ್‌ಮುನೈವರೆಗೆ ರಸ್ತೆ. 2017ರಿಂದ ಅದು ಒಳ್ಳೆಯ ಡಾಂಬರು ರಸ್ತೆ. ಬೇಸಿಗೆಯ ಕೊನೆಯಲ್ಲಿ ನಾವೆಲ್ಲರೂ, ತಾತನವರೂ ಸೇರಿ, ಪರೀಕ್ಷಾರ್ಥವಾಗಿ ಅಲ್ಲಿಯವರೆಗೆ ಹೋಗಿಬಂದೆವು. ರಸ್ತೆ ಒಂದು ವೃತ್ತವಾಗಿ ತಿರುಗಿ ಬಂದ ದಾರಿಗೇ ಸೇರುತ್ತದೆ. ಕಾರಿನ ಯಂತ್ರ ಇನ್ನೂ ಓಡುತ್ತಿತ್ತು, ನನ್ನ ಮಗ, ಐದನೆಯ ತರಗತಿಯವನು, "ಇಷ್ಟೇನಾ?" ಎಂದು ಕೇಳಿದನು. ರಾಮಾಯಣದಲ್ಲಿ ಕಪಿಗಳು ಮಾಡಿದ ಕೆಲಸವನ್ನು ಹೆದ್ದಾರಿ ಇಲಾಖೆ ಏಕೆ ಮಾಡಿಲ್ಲ ಎಂಬ ಅವನ ಇನ್ನೊಂದು ಪ್ರಶ್ನೆಗೆ ಉತ್ತರವಾಗಿ, 2023ರ ಜುಲೈಯಲ್ಲಿ ಎರಡೂ ದೇಶಗಳ ನಾಯಕರು ಭೂಸಂಪರ್ಕದ ಸಾಧ್ಯತೆಯ ಅಧ್ಯಯನದ ಮಾತನ್ನು ಜಂಟಿ ಹೇಳಿಕೆಯಲ್ಲಿ ಸೇರಿಸಿದ್ದರೆಂದು ತಿಳಿಸಿದೆ. ಅಧ್ಯಯನ ಎಂಬ ಪದವನ್ನು ಕೇಳಿ ಅವನು ಆಸಕ್ತಿ ಕಳೆದುಕೊಂಡನು.

ಆದರೆ ವಕೀಲನಾದವನಿಗೆ ಕಾಗದದಲ್ಲಿ ದಾರಿ ಇದೆಯೇ ಎಂದು ನೋಡದೆ ಸಮಾಧಾನವಿಲ್ಲ. ನೋಡಿದೆ. ಕಾಗದದಲ್ಲಿ ದಾರಿ ರಾಜಮಾರ್ಗದಂತಿದೆ! ನಮ್ಮ 1988ರ ಮೋಟಾರು ವಾಹನಗಳ ಕಾಯಿದೆಯ ಒಂಬತ್ತನೆಯ ಅಧ್ಯಾಯ ಪೂರ್ತಿಯಾಗಿ ಇದಕ್ಕೇ ಮೀಸಲು. ಅದರಲ್ಲಿರುವುದು 139ನೆಯ ಕಲಮು ಒಂದೇ. ತಾತ್ಕಾಲಿಕವಾಗಿ ವಾಹನವನ್ನು ದೇಶದಿಂದ ಹೊರಗೆ ಒಯ್ಯುವವರಿಗೂ ಹೊರಗಿನಿಂದ ಒಳಗೆ ತರುವವರಿಗೂ ಪತ್ರಗಳನ್ನು ಕೊಡಲು ನಿಯಮ ರಚಿಸುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯೇ ಕೊಡುತ್ತದೆ. 4ಎ ನಮೂನೆಯ ಅರ್ಜಿ, 1,000 ರೂಪಾಯಿ ಶುಲ್ಕ, ಒಂದು ವರ್ಷದ ಅವಧಿ. 1949ರ ಜಿನೀವಾ ರಸ್ತೆ ಸಂಚಾರ ಒಡಂಬಡಿಕೆಗೆ ಎರಡೂ ದೇಶಗಳು ಸೇರಿವೆ. ಗಾಡಿಯ ಹಿಂಭಾಗದಲ್ಲಿ ದೇಶದ ಗುರುತಿನ ಅಕ್ಷರಗಳಿರಬೇಕು, ನಮ್ಮದು ಐ.ಎನ್.ಡಿ. ಲಂಕೆಯ ವಾಹನಗಳ ಗುರುತು ಇಂದಿಗೂ ಸಿ.ಎಲ್., ಅಂದರೆ ಸಿಲೋನ್. ದೇಶ ಹೆಸರು ಬದಲಿಸಿ ಅರ್ಧ ಶತಮಾನ ಕಳೆದರೂ ಕಾರುಗಳಿಗೆ ಯಾರೂ ತಿಳಿಸಿಲ್ಲ. ಈ ಸಂಗತಿಯನ್ನು ಕೇಳಿ ತಾತನವರು ಬಹಳ ಹೊತ್ತು ನಕ್ಕರು. ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರ, ಬಲಬದಿಯ ಚಕ್ರ. ಪಟ್ಟಣದೊಳಗೆ ಗಂಟೆಗೆ 50, ಹೊರಗೆ 70 ಕಿಲೋಮೀಟರಿನ ಮಿತಿ. ಫಲಕಗಳು ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಇರುತ್ತವೆ. ಸಿಂಹಳ ಲಿಪಿಯ ಚಿತ್ರವನ್ನು ತೋರಿಸಿದಾಗ ಮಗಳು ಅದರ ದುಂಡುತನವನ್ನು ಕಂಡು, ಯಾರೋ ಕನ್ನಡವನ್ನು ಮರೆತು ಬರೆದಂತಿದೆ ಎಂದಳು.

ವಿಮೆಯ ವಿಷಯದಲ್ಲಿಯೂ ಬಾಗಿಲು ತೆರೆದಿದೆ. ಮೋಟಾರು ವಿಮೆಯ ಸುಂಕದ ನಿಯಮಗಳ ಪ್ರಕಾರ ಹೆಚ್ಚುವರಿ ಪ್ರೀಮಿಯಂ ತೆತ್ತು ನಮ್ಮ ಪಾಲಿಸಿಯನ್ನು ಬಾಂಗ್ಲಾದೇಶ, ಭೂತಾನ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ದೇಶಗಳಿಗೆ ವಿಸ್ತರಿಸಬಹುದು. (ಮಾಲ್ಡೀವ್ಸ್‌ಗೆ ಕಾರನ್ನು ಒಯ್ದು ಓಡಿಸುವ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿದೆ.) ಆದರೆ ಅದೇ ನಿಯಮದ ಬಾಲದಲ್ಲಿ ಇನ್ನೊಂದು ವಾಕ್ಯವಿದೆ: ವಾಹನವನ್ನು ಆ ದೇಶಕ್ಕೆ ಸಾಗಿಸುವ ವಿಮಾನಯಾನ ಅಥವಾ ಸಮುದ್ರಯಾನದ ಅವಧಿಯಲ್ಲಿ ಆಗುವ ಹಾನಿಗೆ ಈ ವಿಸ್ತರಣೆ ಅನ್ವಯಿಸುವುದಿಲ್ಲ. ಅಂದರೆ ಈಚೆಯ ದಡದಲ್ಲಿ ವಿಮೆ ಉಂಟು, ಆಚೆಯ ದಡದಲ್ಲಿ ಉಂಟು. ನಡುವಿನ ನೀರಿನ ಮೇಲೆ ಇಲ್ಲ. ಅದಕ್ಕೆ ಪ್ರತ್ಯೇಕವಾಗಿ ಸಾಗಣೆಯ ವಿಮೆ ಮಾಡಿಸಬೇಕು. ಪಾಲಿಸಿಯ ಬಾಲವನ್ನು ಓದುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲಿಯೇ ಕಲಿಸಿದರೆ ನನ್ನಂಥವರ ಕಕ್ಷಿದಾರರು ಅರ್ಧ ಕಡಿಮೆಯಾದಾರು.

ಎಲ್ಲಕ್ಕಿಂತ ಸ್ವಾರಸ್ಯದ ಪತ್ರ ಕಾರ್ನೆ ಎಂಬುದು. ಹೆಸರು ಫ್ರೆಂಚ್, ಅರ್ಥ ಒಂದು ಪುಸ್ತಿಕೆ. ಪರದೇಶದೊಳಕ್ಕೆ ಕಾರನ್ನು ತಂದರೆ ಆ ದೇಶದ ಸುಂಕದವರ ದೃಷ್ಟಿಯಲ್ಲಿ ಅದು ಆಮದು. ಆಮದಿಗೆ ಸುಂಕ ಕಟ್ಟಬೇಕು; ಲಂಕೆಯಲ್ಲಿ ಆ ಸುಂಕ ಕಾರಿನ ಬೆಲೆಯನ್ನೇ ಮೀರಬಹುದು. 2020ರ ಮಾರ್ಚಿನಲ್ಲಿ ವಿದೇಶಿ ವಿನಿಮಯದ ಕೊರತೆಯಿಂದ ಖಾಸಗಿ ವಾಹನಗಳ ಆಮದನ್ನೇ ನಿಲ್ಲಿಸಿದ ಆ ದೇಶ ಅದನ್ನು ಮತ್ತೆ ತೆರೆದದ್ದು 2025ರ ಫೆಬ್ರವರಿಯಲ್ಲಿ. ಇಂಥ ಕಡೆ, "ಈ ಕಾರನ್ನು ಮಾರುವುದಿಲ್ಲ, ಇಷ್ಟು ದಿನದೊಳಗೆ ಹಿಂದಕ್ಕೆ ಒಯ್ಯುತ್ತೇನೆ" ಎಂಬ ಮಾತಿಗೆ ಒಬ್ಬ ಹೊಣೆಗಾರ ಬೇಕು. ಆ ಹೊಣೆಯನ್ನು ವಾಹನ ಸಂಘಗಳು ಹೊರುತ್ತವೆ. ನಮ್ಮಲ್ಲಿ ಮುಂಬಯಿಯ ಪಶ್ಚಿಮ ಭಾರತ ಆಟೋಮೊಬೈಲ್ ಸಂಘ ಕಾರ್ನೆಯನ್ನು ಕೊಡುತ್ತದೆ. ಲಂಕೆಯಲ್ಲಿ 1904ರಲ್ಲಿ ಸ್ಥಾಪನೆಯಾದ ಸಿಲೋನ್ ಆಟೋಮೊಬೈಲ್ ಸಂಘವಿದೆ. ಪುಸ್ತಿಕೆಯ ಪ್ರತಿ ಹಾಳೆಯಲ್ಲಿ ಮೂರು ತುಂಡು: ಒಂದನ್ನು ಕಾರು ಒಳಗೆ ಬರುವಾಗ ಸುಂಕದವರು ಹರಿದುಕೊಳ್ಳುತ್ತಾರೆ, ಒಂದನ್ನು ಹೊರಗೆ ಹೋಗುವಾಗ, ಮೂರನೆಯದು ಎರಡೂ ಮುದ್ರೆಗಳನ್ನು ಹೊತ್ತು ನಮ್ಮ ಬಳಿ ಉಳಿಯುತ್ತದೆ. ಹೊರಗೆ ಹೋದ ಮುದ್ರೆ ಇಲ್ಲದಿದ್ದರೆ ಸುಂಕವನ್ನು ಸಂಘದಿಂದ ವಸೂಲು ಮಾಡುತ್ತಾರೆ. ಸಂಘ ಅದನ್ನು ನಾವು ಮೊದಲೇ ಕೊಟ್ಟಿರುವ ಬ್ಯಾಂಕ್ ಖಾತರಿಯಿಂದ ತುಂಬಿಕೊಳ್ಳುತ್ತದೆ. ಹೆಂಡತಿ ಇದೇನೆಂದು ಕೇಳಿದಾಗ, ಕಾರಿಗೆ ಜಾಮೀನು ಎಂದೆ. ಸೆಷನ್ಸ್ ನ್ಯಾಯಾಲಯದಲ್ಲಿ ಮನುಷ್ಯರಿಗೆ ಕೊಡಿಸುವ ಜಾಮೀನಿಗಿಂತ ಇದು ದುಬಾರಿ. ಖಾತರಿಯ ಮೊತ್ತ ಕಾರಿನ ಬೆಲೆಯನ್ನೂ ಸಂಚರಿಸುವ ದೇಶಗಳನ್ನೂ ಅವಲಂಬಿಸಿರುತ್ತದೆ. ಮಧ್ಯಮ ವರ್ಗದ ಕುಟುಂಬವೊಂದು ಹತ್ತು ದಿನದ ರಜೆಗಾಗಿ ಹೂಡುವ ಹಣವಲ್ಲ ಅದು.

ಹಣ ಹೂಡಲು ಸಿದ್ಧನಾದರೂ ಹಡಗೆಲ್ಲಿ? ನಾಗಪಟ್ಟಣದಿಂದ ಜಾಫ್ನಾದ ಬಳಿಯ ಕಾಂಕೇಸಂತುರೈಗೆ 2023ರ ಅಕ್ಟೋಬರ್ 14ರಂದು ಪ್ರಯಾಣಿಕರ ಹಡಗು ಆರಂಭವಾಯಿತು. ಮಳೆಗಾಲ ಬಂದ ಕಾರಣ ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟ್ 16ರಂದು ಶಿವಗಂಗೈ ಎಂಬ ಇನ್ನೊಂದು ಹಡಗಿನೊಡನೆ ಪುನಃ ಶುರುವಾಯಿತು. ಸುಮಾರು 110 ಕಿಲೋಮೀಟರಿನ ದಾರಿ, ನಾಲ್ಕು ಗಂಟೆಯ ಪಯಣ. ಅದರಲ್ಲಿ ಮನುಷ್ಯರಿಗೂ ಅವರ ಚೀಲಗಳಿಗೂ ಜಾಗ; ಕಾರಿಗೆ ಇಲ್ಲ. ಅದಕ್ಕೂ ಮೊದಲು, 2011ರ ಜೂನ್ ತಿಂಗಳಲ್ಲಿ, ತೂತ್ತುಕುಡಿಯಿಂದ ಕೊಲಂಬೊಗೆ ಸ್ಕೋಟಿಯಾ ಪ್ರಿನ್ಸ್ ಎಂಬ ದೊಡ್ಡ ಹಡಗು ಹೊರಟಿತ್ತು. ಆ ವರ್ಷ ಮುಗಿಯುವುದರೊಳಗೆ ಅದೂ ನಿಂತಿತು. ಹಾಗಾಗಿ ಕಾರು ಹೋಗಬೇಕಾದರೆ ತೂತ್ತುಕುಡಿಯಲ್ಲೋ ಕೊಚ್ಚಿಯಲ್ಲೋ ಸರಕು ಪೆಟ್ಟಿಗೆಯೊಳಗೆ ಕೂತು ಒಂಟಿಯಾಗಿ ಕೊಲಂಬೊ ಬಂದರಿಗೆ ಹೋಗಬೇಕು. ನಾವು ವಿಮಾನದಲ್ಲಿ ಹೋಗಿ ಅದನ್ನು ಬಿಡಿಸಿಕೊಳ್ಳಬೇಕು. ಹಿಂದಕ್ಕೆ ಬರುವಾಗ ಅದೇ ವಿಧಿ. ಕಾಯಿದೆಯ ಪುಸ್ತಕದಲ್ಲಿ ಕಾರಿಗೆ ಒಂದು ಅಧ್ಯಾಯವೇ ಇದೆ, ಕಡಲಿನಲ್ಲಿ ಒಂದು ಹಲಗೆಯಷ್ಟು ಎಡೆ ಇಲ್ಲ.

ಇಲ್ಲಿ ಚರಿತ್ರೆಯ ಒಂದು ಮಾತು ನೆನಪಾಗುತ್ತದೆ. ಲಂಕೆಯ ಚೂಳವಂಸವೆಂಬ ಪಾಳಿ ಗ್ರಂಥದಲ್ಲಿ ಕನ್ನಡಿಗರ ಹೆಸರು ಬಂದಿದೆ. ಐದನೆಯ ಮಹಿಂದನ ಆಳ್ವಿಕೆಯಲ್ಲಿ ಕೇರಳ ಮತ್ತು ಕನ್ನಾಟ ಸೈನಿಕರು ಅರಸನ ಮಾತನ್ನೂ ಮೀರಿ ಅಧಿಕಾರ ನಡೆಸಿದರಂತೆ. ಆ ಬಳಿಕ, 11ನೆಯ ಶತಮಾನದ ಕೊನೆಯ ಭಾಗದಲ್ಲಿ, ಲಂಕೆಯ ಮೊದಲನೆಯ ವಿಜಯಬಾಹು ಕರ್ಣಾಟಕದ ಚಾಲುಕ್ಯ ದೊರೆಗೆ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದನು. ನಡುವಿನ ಚೋಳ ರಾಜ್ಯದಲ್ಲಿ ಅವರ ಮೂಗು ಕಿವಿಗಳನ್ನು ಕೊಯ್ದು ಹಿಂದಕ್ಕಟ್ಟಿದರು ಎಂದು ಅದೇ ಗ್ರಂಥ ಹೇಳುತ್ತದೆ. ಇದನ್ನು ನೆನೆದರೆ ಇಂದಿನ ವೀಸಾ ಪದ್ಧತಿ ಸಹನೀಯವೆಂದೇ ತೋರುತ್ತದೆ. ಭಾರತೀಯರು ಪ್ರಯಾಣಕ್ಕೆ ಮುಂಚೆ ಮನೆಯಲ್ಲಿ ಕುಳಿತೇ ಗಣಕಯಂತ್ರದಲ್ಲಿ ಅನುಮತಿ ಪಡೆಯಬಹುದು.

ಆದರೆ ಅನುಮತಿ ಕೇಳುವುದಕ್ಕೆ ಪಾಸ್‌ಪೋರ್ಟ್ ಬೇಕು. ನಮ್ಮ ನಾಲ್ವರಿಗೂ ಅದು ಒಂದು ತಿಂಗಳೊಳಗೆ ಬಂದಿತು. ತಾತನವರದು ಬರಲಿಲ್ಲ.

ಕಾರಿನ ಕಾಗದಗಳಿಗಾಗಿ ನಾನು ಕಳೆದ ಕಾಲಕ್ಕಿಂತ ಈ ಒಬ್ಬರ ಕಾಗದಕ್ಕಾಗಿ ಕಳೆದ ಕಾಲ ಹೆಚ್ಚು. ಅವರ ಆಧಾರ್ ಚೀಟಿಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು, ಜನ್ಮಪತ್ರವೇ ಇಲ್ಲ. ಒಂದು ಕಚೇರಿಯ ಕಿಟಕಿಯಲ್ಲಿ, ಹುಟ್ಟಿದ ಸ್ಥಳ ಶ್ರೀಲಂಕಾ ಎಂಬುದನ್ನು ಓದಿದ ಕೂಡಲೇ, ಅಲ್ಲಿ ಕುಳಿತವರು "ಯಾವ ನಿರಾಶ್ರಿತರ ಶಿಬಿರ?" ಎಂದು ಕೇಳಿದರು. ಐವತ್ತು ವರ್ಷ ಈ ದೇಶದಲ್ಲಿ ಮತ ಹಾಕಿ, ತೆರಿಗೆ ತೆತ್ತು, ಮಗಳ ಮದುವೆ ಮಾಡಿದ ಮನುಷ್ಯ ಕಿಟಕಿಯ ಮುಂದೆ ನಿಂತು ಏನೂ ಹೇಳಲಿಲ್ಲ. ಕೂಗಿ ಮಾತಾಡುವವರು ಸುಮ್ಮನಾದುದನ್ನು ನಾನು ಅಂದೇ ನೋಡಿದ್ದು.

ಈ ಭೇದವನ್ನು ಓದುಗರು ತಿಳಿದಿರುವುದು ಒಳ್ಳೆಯದು. ಸುಳ್ಯದ ತೋಟಗಳ ಕುಟುಂಬಗಳಿಗೂ ಇದು ಉಪಯೋಗಕ್ಕೆ ಬಂದೀತು. 1983ರ ಗಲಭೆಗಳ ನಂತರ ಜೀವಭಯದಿಂದ ದೋಣಿ ಹತ್ತಿ ಬಂದವರು ನಿರಾಶ್ರಿತರು. ಅವರ ಕಾನೂನು ಸ್ಥಿತಿ ಬೇರೆ, ಅವರ ಸಂಕಟ ಇನ್ನೂ ಮುಗಿದಿಲ್ಲ. ಒಪ್ಪಂದದ ಮೇರೆಗೆ ಬಂದವರಾದರೋ 1955ರ ಪೌರತ್ವ ಕಾಯಿದೆಯ 5ನೆಯ ಕಲಮಿನ ಪ್ರಕಾರ ನೋಂದಾಯಿತ ಭಾರತೀಯ ಪೌರರು. ಅವರಿಗೆ ಅಲ್ಲಿಯೇ ಭಾರತೀಯ ಪಾಸ್‌ಪೋರ್ಟ್ ಕೊಟ್ಟು, ಪುನರ್ವಸತಿಗಾಗಿ ಕುಟುಂಬದ ಚೀಟಿಯನ್ನೂ ಕೊಟ್ಟು ಹಡಗಿಗೆ ಹತ್ತಿಸಲಾಗಿತ್ತು. ಆದ್ದರಿಂದ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಇರುವ ಅಂಥ ಪತ್ರಗಳನ್ನು, ಅವು ಗೆದ್ದಲು ತಿಂದ ತುಂಡುಗಳಾದರೂ, ದಯವಿಟ್ಟು ಎಸೆಯಬೇಡಿರಿ.

ತಾತನವರ ತಂದೆಯ ಪತ್ರ ಸಿಕ್ಕಿದ್ದು ಆ ಅರೆಯುವ ಕಲ್ಲಿನ ಕೆಳಗೆ ಎಂದರೆ ಕಥೆಗೆ ಚೆನ್ನಾಗಿರುತ್ತಿತ್ತು. ನಿಜವಾಗಿ ಸಿಕ್ಕಿದ್ದು ಅವರ ತಂಗಿಯ ಮನೆಯಲ್ಲಿ, ಗ್ಯಾಸ್ ಸಂಪರ್ಕದ ರಸೀತಿಗಳ ಕಟ್ಟಿನಲ್ಲಿ. ಅದರಲ್ಲಿ ತಂದೆ, ತಾಯಿ, ಮೂವರು ಮಕ್ಕಳ ಹೆಸರುಗಳು, ತೋಟದ ಹೆಸರು, ವಿಭಾಗದ ಹೆಸರು ಎಲ್ಲವೂ ಇವೆ. ಹೆಸರಿನ ವ್ಯತ್ಯಾಸಕ್ಕೆ ಪ್ರಮಾಣಪತ್ರ ಮಾಡಿಸಿ, ಗೆಜೆಟ್ ಪ್ರಕಟಣೆ ಕೊಟ್ಟು, ಆಗಸ್ಟ್ ಮೊದಲ ವಾರದಲ್ಲಿ ಅರ್ಜಿಯನ್ನು ಮತ್ತೆ ಸಲ್ಲಿಸಿದ್ದೇನೆ. ಶುಲ್ಕ ತೆಗೆದುಕೊಂಡಿಲ್ಲ. ಅವರು ಮಗ್ಗದ ಕೊಟ್ಟಿಗೆಯಲ್ಲಿ ನನ್ನನ್ನು ಎತ್ತಿಕೊಂಡು ತಿರುಗಿದ ವರ್ಷಗಳ ಲೆಕ್ಕ ತೆಗೆದರೆ ಬಾಕಿ ಇರುವುದು ನಾನೇ.

ಇಷ್ಟೆಲ್ಲ ಆದ ಮೇಲೆ ನಮ್ಮ ಯೋಜನೆ ಈಗ ಹೀಗಿದೆ. ಕಾರು ಲಂಕೆಗೆ ಹೋಗುವುದಿಲ್ಲ. ಸೋಮನೂರಿನಿಂದ ಕಾಂಗೇಯಂ, ಕರೂರು, ತಿರುಚ್ಚಿ, ತಂಜಾವೂರು, ತಿರುವಾರೂರು ಮಾರ್ಗವಾಗಿ ನಾಗಪಟ್ಟಣದವರೆಗೆ ನಾನೇ ಓಡಿಸುವುದು. 350 ಕಿಲೋಮೀಟರಿನೊಳಗೆ ಮುಗಿಯುತ್ತದೆ. ಕಾರನ್ನು ಅಲ್ಲಿ ಪರಿಚಯದವರ ಅಂಗಳದಲ್ಲಿ ನಿಲ್ಲಿಸಿ ಹಡಗು ಹತ್ತುವುದು. ಕಾಂಕೇಸಂತುರೈಯಿಂದ ಜಾಫ್ನಾ ಹತ್ತಿರ. ಅಲ್ಲಿ ಚಾಲಕನ ಸಹಿತ ಬಾಡಿಗೆ ವ್ಯಾನು ಹಿಡಿಯುವುದು. ನಾನೇ ಓಡಿಸುವ ಆಸೆಯನ್ನು ಬಿಟ್ಟೆ. ಪರದೇಶದ ಬೆಟ್ಟದ ತಿರುವುಗಳಲ್ಲಿ ಐವರ ಜೀವವನ್ನು ಹೊತ್ತು ನನ್ನ ಸಾಮರ್ಥ್ಯವನ್ನು ಪರೀಕ್ಷಿಸುವ ಅಗತ್ಯವಿಲ್ಲವೆಂದು ಹೆಂಡತಿ ತೀರ್ಪಿತ್ತಳು, ಮೇಲ್ಮನವಿಗೆ ಅವಕಾಶವಿಲ್ಲ. ಜಾಫ್ನಾದಿಂದ ಕ್ಯಾಂಡಿಗೆ ಎ-9 ಹೆದ್ದಾರಿ 321 ಕಿಲೋಮೀಟರ್. ಆನೆಯಿರವು, ಕಿಳಿನೊಚ್ಚಿ, ವವುನಿಯಾ, ದಂಬುಲ್ಲ, ಮಾತಲೆ ಈ ದಾರಿಯ ಊರುಗಳು. ಯುದ್ಧದ ಕಾಲದಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ರಸ್ತೆ ಇದು. ಕ್ಯಾಂಡಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಹ್ಯಾಟನ್.

ಮರಳುವಾಗ ತಲೈಮನ್ನಾರಿಗೆ ಹೋಗಬೇಕೆಂದು ತಾತನವರ ಬೇಡಿಕೆ. ಯುದ್ಧದಲ್ಲಿ ಕಿತ್ತುಹೋಗಿದ್ದ ಆ ರೈಲುಮಾರ್ಗವನ್ನು ಭಾರತೀಯ ಸಂಸ್ಥೆಯೊಂದು ಮತ್ತೆ ಹಾಸಿ, 2015ರ ಮಾರ್ಚ್ 14ರಂದು ತೆರೆಯಲಾಯಿತು. ರೈಲು ಕಡಲ ಅಂಚಿಗೆ ಬಂದು ನಿಲ್ಲುತ್ತದೆ, ಹಡಗು ಇಲ್ಲ. ಹ್ಯಾಟನ್ನಿನಿಂದ ಅವರ ಕುಟುಂಬವನ್ನು ಕರೆತಂದ ರೈಲು ಅದೇ ನಿಲ್ದಾಣಕ್ಕೆ ಬಂದಿತ್ತು. ಮಗಳ ಪಾಲಿಗೆ ಅದು ಧನುಷ್ಕೋಟಿಯ ಎದುರು ದಡ. ಈಚೆಯಿಂದ ಬೆರಳಿಟ್ಟ ಜಾಗವನ್ನು ಆಚೆಯಿಂದ ನೋಡುವ ಆಸೆ ಅವಳದು.

ದಿನಾಂಕದ ವಿಚಾರದಲ್ಲಿ ಮಾತ್ರ ಇಕ್ಕಟ್ಟು. ಈಶಾನ್ಯ ಮಾರುತ ಬಲವಾದ ಮೇಲೆ ನಾಗಪಟ್ಟಣದ ಹಡಗು ನಿಲ್ಲುತ್ತದೆ. ಹಿಂದಿನ ಎರಡು ವರ್ಷಗಳಲ್ಲಿಯೂ ಹಾಗೆಯೇ ಆಯಿತು. ಮಕ್ಕಳಿಗೆ ಬಿಡುವಿರುವುದು ಸೆಪ್ಟೆಂಬರ್ ಕೊನೆಯ ತ್ರೈಮಾಸಿಕ ಪರೀಕ್ಷೆಯ ರಜೆಯಲ್ಲಿ. ಅದು ತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು. ತಾತನವರ ಮೊಣಕಾಲು ನೋವು ಕಾಯುವ ಸ್ವಭಾವದ್ದಲ್ಲ. ತೋಟದ ಸಾಲುಮನೆಗಳು ಇರುವುದು ಇಳಿಜಾರಿನ ಮೆಟ್ಟಿಲುಗಳ ಮೇಲೆ.

ಪೊಲೀಸ್ ಪರಿಶೀಲನೆಗೆ ಕಳೆದ ಗುರುವಾರ ಇಬ್ಬರು ಬಂದಿದ್ದರು. ತಾತನವರು ಅಂದು ಬೆಳಿಗ್ಗೆ ಆರು ಗಂಟೆಯಿಂದಲೇ ಇಸ್ತ್ರಿಯ ಅಂಗಿ ತೊಟ್ಟು, ಪತ್ರಗಳ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಜಗುಲಿಯಲ್ಲಿ ಕುಳಿತಿದ್ದರು. ಬಂದವರಲ್ಲಿ ಹಿರಿಯರಾದವರು ಪತ್ರಗಳನ್ನೆಲ್ಲ ಓದಿ, ಯಾವ ಕೆಲಸಕ್ಕಾಗಿ ಪರದೇಶಕ್ಕೆ ಹೋಗುತ್ತೀರಿ ಎಂದು ಕೇಳಿದರು. "ಕೆಲಸ ಏನೂ ಇಲ್ಲ, ಮನೆ ನೋಡಿ ಬರುತ್ತೇನೆ" ಎಂದು ಇವರು ಹೇಳಿದರು. ಅವರು ಅದನ್ನು ಹಾಗೆಯೇ ಬರೆದುಕೊಂಡು ಹೋದರು. ಹಡಗಿನ ಟಿಕೆಟ್ಟುಗಳನ್ನು ಇನ್ನೂ ಕಾಯ್ದಿರಿಸಿಲ್ಲ.